ಬೆಚ್ಚಗಿದ್ದ ಪಾದ, ತಣ್ಣಗಿದ್ದ ಮೊಣಕಾಲು

ನಿವೃತ್ತಳಾದ ಮೇಲೂ ನನ್ನನ್ನು ಬಿಡದ ಚಾಳಿಯೊಂದಿದೆ. ಯಾರೇ ಕೈ ಕೊಟ್ಟರೂ ಅದು ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು ನೋಡಿಬಿಡುತ್ತೇನೆ. ದೀಪಾವಳಿಯ ಶುಭಾಶಯ ಹೇಳಲು ಬಂದ ಮುಂಬೈ ದಹಿಸರಿನ ನಮ್ಮ ಬಿಲ್ಡಿಂಗಿನ ಸೆಕ್ರೆಟರಿಯ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದೆನೆಂದು ನನ್ನ ಗಂಡ ಈಗಲೂ ತಮಾಷೆ ಮಾಡುತ್ತಾರೆ. ಅವರ ಕೈ ಸ್ವಲ್ಪ ಬೆವೆತಿತ್ತು, ನಾಡಿ ಚೆನ್ನಾಗಿತ್ತು. ಅಷ್ಟು ಗೊತ್ತಾದ ಮೇಲೆಯೇ ನಾನು ಲಾಡು ಕೊಟ್ಟದ್ದು.

ಆಸ್ಪತ್ರೆಯ ಕ್ಯಾಶುವಾಲ್ಟಿಗೆ, ಅಂದರೆ ತುರ್ತು ಚಿಕಿತ್ಸೆಯ ವಿಭಾಗಕ್ಕೆ, ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ರೋಗಿಯ ರಕ್ತದೊತ್ತಡ ಪಾತಾಳಕ್ಕೆ ಇಳಿದಾಗ, ಸಂಬಂಧಿಕರು ನಿಮ್ಮ ಮುಖವನ್ನೇ ನೋಡುತ್ತ ನಿಂತಾಗ ಮೊದಲು ಕೈ ಎಲ್ಲಿಡಬೇಕು ಎಂಬುದು ಮಾತ್ರ ಉಪಯೋಗಕ್ಕೆ ಬರುತ್ತದೆ. ಅದರಲ್ಲೂ ನನಗೆ ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದೇ ಹೆಚ್ಚು. ಆದರೆ ಕುತೂಹಲ ಮಾತ್ರ ಒಂದು ದಿನವೂ ಕಡಿಮೆಯಾಗಲಿಲ್ಲ.

ನಾವು ಶಾಕ್ ಎಂದು ಕರೆಯುವುದು ಮನಸ್ಸಿಗಾಗುವ ಆಘಾತವನ್ನಲ್ಲ. ಮೈಯ ಮೂಲೆ ಮೂಲೆಗೆ ತಲುಪಬೇಕಾದ ರಕ್ತ ತಲುಪದೆ ಹೋಗುವ ಸ್ಥಿತಿಯದು. ಮುಂಬೈಯಲ್ಲಿ ಬಾಳಿದವರಿಗೆ ಇದನ್ನು ವಿವರಿಸುವುದು ಕಷ್ಟವೇನಲ್ಲ. ನಿಮ್ಮ ಬಿಲ್ಡಿಂಗಿನ ಮೇಲಿನ ಮಹಡಿಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದಿಟ್ಟುಕೊಳ್ಳಿ. ಟ್ಯಾಂಕೇ ಖಾಲಿಯಾಗಿರಬಹುದು: ರಕ್ತ ಹರಿದುಹೋದವರು, ವಾಂತಿ ಭೇದಿಯಾದವರು, ಸುಟ್ಟವರು ಹೀಗೆ. ಪಂಪು ಕೆಟ್ಟಿರಬಹುದು: ಹೃದಯಾಘಾತವಾದವರು. ಪೈಪುಗಳೇ ಸಡಿಲವಾಗಿ ಅಲ್ಲಲ್ಲಿ ಸೋರುತ್ತಿರಬಹುದು: ಸೋಂಕು ಮೈಗೆಲ್ಲ ಹರಡಿದವರು, ಔಷಧಿಯೋ ಆಹಾರವೋ ಒಗ್ಗದೆ ಅಲರ್ಜಿಯಾದವರು. ಇಲ್ಲವೇ ದಾರಿಯಲ್ಲಿ ಏನೋ ಅಡ್ಡ ಸಿಕ್ಕಿಕೊಂಡಿರಬಹುದು. ಮೇಲೆ ನಿಂತವರಿಗೆ ಕಾಣುವುದು ಒಣಗಿದ ನಲ್ಲಿ ಮಾತ್ರ. ಕಾರಣ ತಿಳಿಯದೆ ಟ್ಯಾಂಕರ್ ತರಿಸಿದರೆ ಕೆಟ್ಟ ಪಂಪು ಸರಿಹೋಗುವುದಿಲ್ಲ.

ನಾನು ಗದುಗಿನಿಂದ ಬಂದು ವೈದ್ಯೆಯಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ನಾವೆಲ್ಲ ಟ್ಯಾಂಕರ್ ತರಿಸುವವರೇ. ಒತ್ತಡ ಬಿದ್ದಿದೆಯೆಂದರೆ ಸಲೈನ್ ಹಚ್ಚು, ಮಂಚದ ಕಾಲ್ದೆಸೆಗೆ ಮರದ ದಿಮ್ಮಿ ಕೊಟ್ಟು ಎತ್ತರಿಸು. ಆ ದಿಮ್ಮಿಗಳನ್ನು ಈಗಿನವರು ನೋಡಿರಲಾರರು. ಸವೆದು ನುಣುಪಾಗಿದ್ದ ಅವುಗಳ ಮೇಲೆ ವಾರ್ಡ್‌ಬಾಯ್‌ಗಳು ಮಧ್ಯಾಹ್ನ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಆಮೇಲೆ ಅವು ಹೆಚ್ಚಿನವರಿಗೆ ಉಪಯೋಗವಿಲ್ಲ, ಕೆಲವರಿಗೆ ಉಸಿರು ಕಟ್ಟಿಸುತ್ತವೆ ಎಂದು ಗೊತ್ತಾಯಿತು. ದಿಮ್ಮಿಗಳು ಎಲ್ಲಿ ಹೋದವೋ ಕಾಣೆ. ವಾರ್ಡ್‌ಬಾಯ್‌ಗಳು ಡಬ್ಬಿ ಬಿಚ್ಚಲು ಬೇರೆ ಜಾಗ ಹುಡುಕಿಕೊಂಡಿರಬೇಕು.

ನನ್ನ ಮೊದಲ ಮೇಲಧಿಕಾರಿ ಒಬ್ಬ ಮರಾಠಿ ವೈದ್ಯರು. ಕುಳ್ಳಗಿನ ಮನುಷ್ಯ, ದೊಡ್ಡ ದನಿ. ಮಾನಿಟರ್‌ನ ಅಂಕಿಯನ್ನು ಗಿಳಿಯಂತೆ ಒಪ್ಪಿಸುವವರನ್ನು ಕಂಡರೆ ಅವರಿಗಾಗದು. "ಆಧೀ ಪಾಯ್, ಮಗ್ ಮಶೀನ್," ಎನ್ನುತ್ತಿದ್ದರು. ಮೊದಲು ಕಾಲು ಮುಟ್ಟು, ಮಶೀನು ಆಮೇಲೆ. ಹೊದಿಕೆಯನ್ನು ಮುಖದ ಕಡೆಯಿಂದಲ್ಲ, ಪಾದದ ಕಡೆಯಿಂದ ಸರಿಸುತ್ತಿದ್ದರು. ಬೆರಳು, ಅಂಗಾಲು, ಕಣಕಾಲು, ಮೊಣಕಾಲು ಎಂದು ಮೇಲೇರುತ್ತ ತಣ್ಣಗಿರುವುದು ಎಲ್ಲಿಗೆ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ರಕ್ತ ಸಾಲದಾದಾಗ ಮೈ ಮೊದಲು ಕೈಬಿಡುವುದು ಚರ್ಮವನ್ನು, ಅದರಲ್ಲೂ ಕಾಲ್ಬೆರಳುಗಳನ್ನು. ಇದ್ದಷ್ಟನ್ನು ಮಿದುಳಿಗೂ ಹೃದಯಕ್ಕೂ ಉಳಿಸಿಕೊಳ್ಳುತ್ತದೆ. ಹಾಗಾಗಿ ತಣ್ಣಗಾಗುವುದು ಕೆಳಗಿನಿಂದ ಮೇಲಕ್ಕೆ. ಪಾದ ತಣ್ಣಗಿದ್ದರೆ ಟ್ಯಾಂಕು, ಪಂಪು, ಇಲ್ಲವೇ ಅಡ್ಡ ಸಿಕ್ಕಿದ್ದು. ಕುತ್ತಿಗೆಯ ನರ ಚಪ್ಪಟೆಯಾಗಿದ್ದರೆ ಟ್ಯಾಂಕು ಖಾಲಿ, ಉಬ್ಬಿ ನಿಂತಿದ್ದರೆ ಉಳಿದೆರಡರಲ್ಲಿ ಒಂದು. ಪಾದ ಬೆಚ್ಚಗಿದ್ದೂ ಒತ್ತಡ ಬಿದ್ದಿದ್ದರೆ ಪೈಪುಗಳ ಕಡೆ ನೋಡಬೇಕು. ಎಲ್ಲರ ಮೈಯೂ ಈ ಲೆಕ್ಕದಂತೆ ನಡೆಯುವುದಿಲ್ಲ. ಆದರೂ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ.

ಅಡ್ಡ ಸಿಕ್ಕಿಕೊಳ್ಳುವುದು ಎಂದರೇನು ಎಂಬುದನ್ನು ಅವರಿಂದಲೇ ಕಂಡೆ. ಹೈವೇಯಲ್ಲಿ ಬೈಕಿನಿಂದ ಬಿದ್ದ ಒಬ್ಬ ತರುಣನನ್ನು ತಂದಿದ್ದರು. ಪಾದ ಐಸು, ಕುತ್ತಿಗೆಯ ನರ ಹಗ್ಗದ ಹಾಗೆ. ನಾನು ಎಕ್ಸ್‌ರೇಗೆ ಚೀಟಿ ಬರೆಯಲು ಪೆನ್ನು ಹುಡುಕುತ್ತಿದ್ದೆ. ಸರ್ ಎದೆಯ ಎರಡೂ ಬದಿಗೆ ಕಿವಿಗೊಟ್ಟು ಕೇಳಿದರು, ಬಲಗಡೆ ಉಸಿರಿನ ಸದ್ದೇ ಇರಲಿಲ್ಲ. ದಪ್ಪ ಸೂಜಿಯೊಂದನ್ನು ಪಕ್ಕೆಲುಬುಗಳ ನಡುವೆ ಇಳಿಸಿದರು. ಸೈಕಲ್ ಟ್ಯೂಬಿನಿಂದ ಬರುವಂತೆ ಸುಯ್ಯೆಂದು ಗಾಳಿ ಹೊರಬಂತು. ಒಡೆದ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಯಲ್ಲಿ ತುಂಬಿ, ರಕ್ತ ಹೃದಯಕ್ಕೆ ಬರದಂತೆ ಒತ್ತಿಬಿಟ್ಟಿತ್ತು. ತರುಣ ಕಣ್ಣು ಬಿಟ್ಟು ತನ್ನ ಬೈಕ್ ಎಲ್ಲಿ ಎಂದು ಕೇಳಿದ. ಈ ಕೆಲಸ ಬಿಟ್ಟು ನಾನು ಬೇರೆಲ್ಲಿಗೂ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದು ಆವತ್ತೇ.

ಬೆಚ್ಚನೆಯ ಪಾದ ಎಷ್ಟು ಮೋಸ ಮಾಡಬಲ್ಲದು ಎಂದು ಕಲಿಸಿದವರು ಪವಾಯಿಯ ಒಬ್ಬ ಕಾಲೇಜು ಶಿಕ್ಷಕಿ. ಮೂತ್ರಪಿಂಡದಲ್ಲಿ ಕಲ್ಲಿತ್ತು, ಅದರ ಹಿಂದೆ ಸೋಂಕು. ಕೆನ್ನೆ ಕೆಂಪಗೆ, ಕೈಕಾಲು ಬಿಸಿ ಬಿಸಿ. ಬರೀ ಜ್ವರ, ಮೊದಲಿಗಿಂತ ಕಳೆಯಾಗಿಯೇ ಕಾಣುತ್ತಾರೆ ಎಂದು ಅವರ ಗಂಡ ಸಮಾಧಾನದಿಂದಿದ್ದರು. ಒತ್ತಡ ನೋಡಿದರೆ ನೆಲ ಕಚ್ಚಿತ್ತು. ಸೋಂಕಿನ ವಿಷಕ್ಕೆ ರಕ್ತನಾಳಗಳೆಲ್ಲ ಸಡಿಲವಾಗಿದ್ದವು. ತಡಮಾಡದೆ ಆ್ಯಂಟಿಬಯೋಟಿಕ್, ಅಳೆದು ಸಲೈನ್, ನಾಳ ಬಿಗಿಗೊಳಿಸುವ ಔಷಧಿ, ಕೊನೆಗೆ ಕಟ್ಟಿದ ಮೂತ್ರಕ್ಕೆ ದಾರಿ. ಹಿಂದೆ ಇಂಥವರಿಗೆ ಡೋಪಮಿನ್ ಹಚ್ಚುತ್ತಿದ್ದೆವು, ಈಗ ಮೊದಲು ನೋರ್‌ಅಡ್ರಿನಲಿನ್. ಔಷಧಿಯ ಹೆಸರು ನಿಮ್ಮ ಕಾಲಕ್ಕೆ ಇನ್ನೊಮ್ಮೆ ಬದಲಾಗಬಹುದು. ಬೆಚ್ಚಗಿದ್ದಾರೆ ಎಂದು ನೆಮ್ಮದಿಪಡಬಾರದು ಎಂಬುದು ಬದಲಾಗುವುದಿಲ್ಲ.

ಇಷ್ಟು ಹೇಳಿದ್ದು ವಾಸು ಅವರ ವಿಷಯಕ್ಕೆ ಬರಲು. ಆ ಹೊತ್ತಿಗೆ ಆ ಕುಳ್ಳ ಸರ್ ನಿವೃತ್ತರಾಗಿ, ಹೊದಿಕೆಯನ್ನು ಪಾದದ ಕಡೆಯಿಂದ ಸರಿಸುವವಳು ನಾನಾಗಿದ್ದೆ. ನನ್ನ ಕೈಕೆಳಗೆ ಶ್ರಾವ್ಯಾ ಎಂಬ ಕಿರಿಯ ವೈದ್ಯೆ. ಉಡುಪಿ ಮೂಲದವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮನೆಯಲ್ಲಿ ತುಳು, ಹೊರಗೆ ಹಿಂದಿ, ನನ್ನ ಜೊತೆ ತಡವರಿಸುವ ಕನ್ನಡ. ಕೈ ಚುರುಕು, ತಲೆ ಅದಕ್ಕಿಂತ ಚುರುಕು.

ಮಧ್ಯಾಹ್ನದ ಊಟದ ಗದ್ದಲ ಇಳಿಯುವ ಹೊತ್ತು. ವಿಲೆ ಪಾರ್ಲೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಿಂದ ದೋಸೆ ಹೊಯ್ಯುವ ವಾಸು ಅವರನ್ನು ರಿಕ್ಷಾದಲ್ಲಿ ಕರೆತಂದರು. ಜೊತೆಗೆ ಬನಿಯನ್ನಿನಲ್ಲೇ ಓಡಿಬಂದಿದ್ದ ಇಬ್ಬರು. ಬೆನ್ನುನೋವೆಂದು ವಾಸು ಆಗಷ್ಟೇ ಓಣಿಯ ಡಾಕ್ಟರ ಹತ್ತಿರ ಹೋಗಿ ಇಂಜೆಕ್ಷನ್ ತೆಗೆದುಕೊಂಡಿದ್ದರಂತೆ. ವಾಪಸ್ಸು ಬಂದು ಕಾವಲಿಯ ಮುಂದೆ ನಿಂತವರು ಸ್ವಲ್ಪ ಹೊತ್ತಿಗೆ ಹಾಗೇ ಕುಸಿದಿದ್ದರು. ನಾಡಿ ಸಿಗುತ್ತಿಲ್ಲವೆನ್ನುವಷ್ಟು ಸಣ್ಣಗೆ ಓಡುತ್ತಿತ್ತು. ಅರೆಪ್ರಜ್ಞೆಯಲ್ಲಿ ನೀರು ನೀರು ಎನ್ನುತ್ತಿದ್ದರು.

ಪಕ್ಕದ ರೋಗಿಯನ್ನು ಮುಗಿಸಿ ನಾನು ಬರುವಷ್ಟರಲ್ಲಿ ಶ್ರಾವ್ಯಾ ಆಮ್ಲಜನಕ ಹಚ್ಚಿ, ಕೈಯಲ್ಲಿ ಅಡ್ರಿನಲಿನ್ ಸಿರಿಂಜ್ ಹಿಡಿದು ನಿಂತಿದ್ದಳು.

"ಮೇಡಂ, ಇಂಜೆಕ್ಷನ್ ಆದ್ಮೇಲೆ ಬಿದ್ದಿದ್ದಾರೆ. ಬೀಪಿ ತುಂಬಾ ಲೋ. ಪೈರ್ ಗರಮ್ ಇದೆ, ಅಂದ್ರೆ, ಕಾಲು ಬೆಚ್ಚಗೆ ಇದೆ. ಅಲರ್ಜಿ ಶಾಕ್. ಕೊಡ್ತೇನೆ?"

ಅವಳ ಮಾತಿನಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಅಲರ್ಜಿಯ ಶಾಕ್‌ನಲ್ಲಿ ತೊಡೆಗೆ ಅಡ್ರಿನಲಿನ್ ಕೊಡಲು ತಡಮಾಡುವುದೇ ಪ್ರಾಣಕ್ಕೆ ಎರವು. ಮೈಮೇಲೆ ದದ್ದು ಇಲ್ಲವೆಂದು ಕಾಯುತ್ತ ಕೂರಬೇಡ ಎಂದು ಅವಳಿಗೆ ಹೇಳಿಕೊಟ್ಟವಳೇ ನಾನು. ತಲೆ ಅಲ್ಲಾಡಿಸಿ ಸರಿ ಎನ್ನುವವಳಿದ್ದೆ. ಅಭ್ಯಾಸಬಲದಿಂದ ಕೈ ಪಾದಕ್ಕೆ ಹೋಯಿತು. ನಿಜ, ಬೆಚ್ಚಗಿತ್ತು. ಅಂಗಾಲೂ ಬೆಚ್ಚಗೆ. ಕೈ ಮೇಲೇರಿ ಮೊಣಕಾಲಿಗೆ ಬಂತು. ಅದು ನೀರಿನಿಂದ ತೆಗೆದ ಕಲ್ಲಿನಂತಿತ್ತು. ಚರ್ಮದ ಮೇಲೆ ನೇರಳೆ ಬಣ್ಣದ ಜಾಲರಿ ಮೂಡಿತ್ತು.

"ಒಂದ್ ನಿಮಿಷ ತಡಿ," ಎಂದೆ.

ಶ್ರಾವ್ಯಾ ನನ್ನ ಮುಖ ನೋಡಿದಳು. ತಡಮಾಡಬೇಡ ಎಂದವಳೇ ತಡಿ ಎನ್ನುತ್ತಿದ್ದೆ. ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಇದು ಅಲರ್ಜಿಯೇ ಆಗಿದ್ದರೆ ನನ್ನ ಆ ಒಂದು ನಿಮಿಷಕ್ಕೆ ಆ ಮನುಷ್ಯ ಬೆಲೆ ತೆರಬೇಕಾಗಿತ್ತು. ಅಲ್ಲದಿದ್ದರೆ, ಔಷಧಿ ಕೊಟ್ಟು ಅದು ಕೆಲಸ ಮಾಡಲೆಂದು ನಾವು ಕಾಯುತ್ತ ಕೂತಷ್ಟೂ ನಿಜವಾದ ಕಾರಣ ಒಳಗೊಳಗೇ ಅವರನ್ನು ಮುಗಿಸುತ್ತಿತ್ತು. ಆದರೂ ಆ ಹೆದರಿಕೆಯ ನಡುವೆಯೇ ತಲೆಯಲ್ಲಿ ಹುಳ ಕೊರೆಯತೊಡಗಿತು. ತಣ್ಣಗಾಗುವುದು ಕೆಳಗಿನಿಂದ ಮೇಲಕ್ಕೆ. ಈ ಕಾಲು ಮೇಲೆ ತಣ್ಣಗೆ, ಕೆಳಗೆ ಬೆಚ್ಚಗೆ. ಇಂಥ ತಲೆಕೆಳಗಾದ ಕಾಲನ್ನು ನಾನು ಹಿಂದೆ ಮುಟ್ಟಿರಲಿಲ್ಲ.

ಬಗ್ಗಿ ನೋಡಿದೆ. ಹಿಮ್ಮಡಿಯ ಬಿರುಕಿನಲ್ಲಿ ಬೆಳ್ಳಗೆ ಏನೋ ಅಂಟಿತ್ತು. ಬೆರಳಲ್ಲಿ ತೆಗೆದು ಉಜ್ಜಿದೆ. ಇಡ್ಲಿಯ ಚೂರು.

"ಇವರ ಕಾಲು ಯಾರು ತಿಕ್ಕೀರಿ?" ಎಂದು ಬಾಗಿಲ ಕಡೆಗೆ ತಿರುಗಿ ಕೇಳಿದೆ.

ಇಬ್ಬರಲ್ಲಿ ದಪ್ಪಗಿದ್ದವರು ಪೊಲೀಸರು ಕರೆದಂತೆ ಹೆದರುತ್ತ ಮುಂದೆ ಬಂದರು. ಸದಾನಂದ ಎಂದು ಹೆಸರು, ಅದೇ ಅಡುಗೆಮನೆಯಲ್ಲಿ ಇಡ್ಲಿ ಬೇಯಿಸುವವರು. ಕೈಯಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಮುದುರಿ ಹಿಡಿದಿದ್ದರು.

"ನಾನೇ ಡಾಕ್ಟ್ರೇ. ಕೈಕಾಲೆಲ್ಲ ಮಂಜಿನ ಹಾಗೆ ಆಗಿತ್ತು. ಇಡ್ಲಿ ಸ್ಟೀಮರಿನ ಬಟ್ಟೆ ಬಿಸಿ ಉಂಟಲ್ಲ, ಅದನ್ನೇ ಸುತ್ತಿ ಚೀಲ ಕಟ್ಟಿದ್ದು. ದಾರಿಯುದ್ದಕ್ಕೂ ತಿಕ್ಕಿದೆ. ಇಲ್ಲಿ ಬೈತಾರೆ ಅಂತ ಬಾಗಿಲಲ್ಲಿ ತೆಗೆದೆ. ತಪ್ಪಾಯ್ತಾ?"

ನನ್ನ ಅಷ್ಟು ವರ್ಷಗಳ ಪಾದಪರೀಕ್ಷೆಯನ್ನು ಇಡ್ಲಿ ಬಟ್ಟೆಯೊಂದು ಬುಡಮೇಲು ಮಾಡಿತ್ತು. ಇನ್ನೊಂದು ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಈಗ ಮೊಣಕಾಲನ್ನೇ ನಂಬಬೇಕಿತ್ತು. ಹಾಗೆ ನೋಡಿದರೆ ಇದು ತಣ್ಣನೆಯ ಶಾಕ್. ಮೂಗಿನ ತುದಿ ಮುಟ್ಟಿದೆ, ತಣ್ಣಗಿತ್ತು. ಕುತ್ತಿಗೆಯ ನರ ಚಪ್ಪಟೆ. ಎದೆಯಲ್ಲಿ ಗೊರಗೊರ ಇಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪಿನ ಸುಳಿವೇ ಇರಲಿಲ್ಲ. ಟ್ಯಾಂಕು ಖಾಲಿ. ಆದರೆ ಮೈಮೇಲೆ ಗಾಯವಿಲ್ಲ, ವಾಂತಿ ಭೇದಿ ಇಲ್ಲ. ಹಾಗಿದ್ದರೆ ಇಷ್ಟು ರಕ್ತ ಹೋದದ್ದೆಲ್ಲಿಗೆ?

"ಬೆನ್ನುನೋವಿಗೆ ಗುಳಿಗಿ ತಗೋತಿದ್ರೇನು?" ಎಂದು ಸದಾನಂದರನ್ನು ಕೇಳಿದೆ.

"ದಿನಾ ಉಂಟು. ಬೆಳಿಗ್ಗೆ ಕಾವಲಿ ಹೊತ್ತಿಸುವ ಮೊದಲು ಖಾಲಿ ಚಾ, ಒಂದು ಮಾತ್ರೆ. ಇಲ್ಲದಿದ್ರೆ ನಿಲ್ಲಲಿಕ್ಕೇ ಆಗುದಿಲ್ಲ ಅಂತ ಹೇಳ್ತಿದ್ದ."

"ಸಂಡಾಸ ಕಪ್ಪಗ ಆಗ್ತದ ಅಂತ ಏನರ ಹೇಳಿದ್ರೇನು?"

ಸದಾನಂದ ಕಣ್ಣರಳಿಸಿದರು. "ಅದು ನಿಮಗೆ ಹೇಗೆ ಗೊತ್ತು? ನಾವಿಬ್ಬರು ಒಂದೇ ಚಾಳಿನ ಕೋಣೆಯಲ್ಲಿ ಇರುದು. ಟಾರಿನ ಹಾಗೆ ಕಪ್ಪು ಹೋಗ್ತದೆ ಮಾರಾಯ ಅಂತ ಮೊನ್ನೆ ಹೇಳಿದ್ದ. ಕಾವಲಿಯ ಹೊಗೆ ಹೊಟ್ಟೆಗೆ ಹೋಗಿ ಕಪ್ಪಾದದ್ದು ಅಂತ ನಾವು ತಿಳ್ಕೊಂಡದ್ದು. ಮುಂಚಿನ ದೋಸೆಯವರೂ ಹಾಗೇ ಹೇಳ್ತಿದ್ರು."

ಶ್ರಾವ್ಯಾಳಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ಸಿರಿಂಜ್ ಕೆಳಗಿಟ್ಟು ಗ್ಲೌಸ್ ಹಾಕಿಕೊಂಡಳು. ಗುದಪರೀಕ್ಷೆ ಮಾಡಿದ ಬೆರಳು ಹೊರಬಂದಾಗ ಟಾರಿನಂತೆ ಕಪ್ಪು. ಆ ವಾಸನೆಯನ್ನು ಒಮ್ಮೆ ಮೂಸಿದವರು ಜನ್ಮದಲ್ಲಿ ಮರೆಯುವುದಿಲ್ಲ. ನೋವಿನ ಮಾತ್ರೆ ಖಾಲಿ ಹೊಟ್ಟೆಯನ್ನು ಕೊರೆದು ಹುಣ್ಣು ಮಾಡಿತ್ತು. ಹುಣ್ಣು ರಕ್ತನಾಳವೊಂದನ್ನು ತೆರೆದಿತ್ತು. ಒಳಗೇ ಸುರಿದ ರಕ್ತ ಜೀರ್ಣವಾಗಿ ಕಪ್ಪಾಗಿ ಹೋಗುತ್ತಿತ್ತು. ಆ ಇಂಜೆಕ್ಷನ್ನಿಗೂ ಕುಸಿದದ್ದಕ್ಕೂ ನಾವು ಹಾಕಿದ ಗಂಟು ಸುಳ್ಳಾಗಿತ್ತು.

ಎರಡೂ ತೋಳಿಗೆ ದಪ್ಪ ಸೂಜಿ ಚುಚ್ಚಿ, ಗುಂಪು ನೋಡಲು ರಕ್ತ ಕಳಿಸಿ, ಕಾಯದೆ ಕೊಡಬಹುದಾದ ಓ ನೆಗೆಟಿವ್ ರಕ್ತ ತರಿಸಿದೆವು. ಹೊಟ್ಟೆಯ ಆಮ್ಲ ತಡೆಯುವ ಔಷಧಿ ಹೋಯಿತು. ಮೊದಲಾಗಿದ್ದರೆ ಬಾಟಲಿ ಮೇಲೆ ಬಾಟಲಿ ಸಲೈನ್ ಸುರಿದು ಒತ್ತಡದ ಅಂಕಿ ನೋಡಿ ಸಂತೋಷಪಡುತ್ತಿದ್ದೆವು. ಅದರಿಂದ ಇದ್ದ ರಕ್ತವೂ ನೀರಾಗಿ, ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡು ಇನ್ನಷ್ಟು ಸೋರುತ್ತದೆ ಎಂದು ನಾವು ಕಲಿತದ್ದು ತಡವಾಗಿ. ಹೋದದ್ದು ರಕ್ತ, ಕೊಡಬೇಕಾದ್ದೂ ರಕ್ತ. ಸಲೈನ್ ಅದು ಬರುವವರೆಗಿನ ಆಸರೆ ಮಾತ್ರ.

ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ಹುಣ್ಣಿಗೆ ಕ್ಲಿಪ್ ಹಾಕಬೇಕಾದ ತಜ್ಞರು ಆಗ ಪವಾಯಿಯಲ್ಲಿದ್ದರು. ಪವಾಯಿಯಿಂದ ಬರುವ ದಾರಿಯ ಟ್ರಾಫಿಕ್ಕನ್ನು ನಾನು ಯಾರಿಗೂ ವರ್ಣಿಸಬೇಕಿಲ್ಲ. ಅವರು ಬರುವವರೆಗೆ ವಾಸು ಅವರನ್ನು ಹಿಡಿದಿಡುವುದು ನಮ್ಮ ಪಾಲಿನ ಕೆಲಸ. ರಕ್ತದ ಚೀಲ ಖಾಲಿಯಾಗುತ್ತಿದ್ದಂತೆ ಒತ್ತಡ ಏರುತ್ತಿತ್ತು, ಮತ್ತೆ ಜಾರುತ್ತಿತ್ತು. ಶ್ರಾವ್ಯಾ ಮಾನಿಟರ್ ಬಿಟ್ಟು ಮೊಣಕಾಲನ್ನೇ ಮುಟ್ಟುತ್ತಿದ್ದಳು. ಪಾದವಂತೂ ಅಷ್ಟರಲ್ಲಿ ಇಡ್ಲಿ ಬಟ್ಟೆಯ ಬಿಸಿ ಕಳೆದುಕೊಂಡು ತನ್ನ ನಿಜವಾದ ಬಣ್ಣ ತೋರಿಸಿತ್ತು. ಹೊರಗೆ ಸದಾನಂದ ಫೋನಿನಲ್ಲಿ ಹೋಟೆಲಿನವರನ್ನೆಲ್ಲ ರಕ್ತ ಕೊಡಲು ಕರೆಯುತ್ತಿದ್ದರು. ಸಂಜೆಯ ಗಿರಾಕಿಗಳಿಗೆ ದೋಸೆ ಇಲ್ಲವೆಂದು ಬೋರ್ಡ್ ಹಾಕಲು ಹೇಳಿದ್ದೂ ಕೇಳಿಸಿತು.

ತಜ್ಞರು ಬಂದರು, ಕ್ಲಿಪ್ ಬಿತ್ತು, ರಕ್ತ ನಿಂತಿತು. ಶ್ರಾವ್ಯಾ ಮೊಣಕಾಲು ಮುಟ್ಟಿ, "ಮೇಡಂ, ಬೆಚ್ಚಗೆ ಆಗ್ತಾ ಇದೆ," ಎಂದಳು. ನಾನೂ ಮುಟ್ಟಿದೆ. ಈ ಸಲ ಯಾರೂ ತಿಕ್ಕಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಕನ್ನಡಕ ಒರೆಸುವ ನೆಪ ಮಾಡಿದೆ.

ವಾಸು ಮನೆಗೆ ಹೊರಡುವ ದಿನ ವಾರ್ಡಿಗೆ ಹೋದೆ. ನೋವಿನ ಮಾತ್ರೆಯನ್ನು ಕಣ್ಣೆತ್ತಿಯೂ ನೋಡಬಾರದೆಂದು, ಸಂಡಾಸ ಕಪ್ಪಾದರೆ ಅದು ಕಾವಲಿಯ ಹೊಗೆಯಲ್ಲವೆಂದು ಇಬ್ಬರನ್ನೂ ಕೂರಿಸಿ ಹೇಳಿದೆ. ಆಮೇಲೆ ಸದಾನಂದರ ಕಡೆ ತಿರುಗಿದೆ.

"ಮುಂದ ಯಾರರ ಹಿಂಗ ಬಿದ್ರ ಕಾಲು ತಿಕ್ಕಬ್ಯಾಡ್ರಿ. ನಿಮ್ಮ ಬಟ್ಟಿ ನಮ್ಮನ್ನ ದಾರಿ ತಪ್ಪಿಸಿಬಿಡ್ತಿತ್ತು."

ಸದಾನಂದ ತಲೆ ತಗ್ಗಿಸಿದರು. ಅಷ್ಟು ಹೊತ್ತೂ ಹಾಂ ಹೂಂ ಎನ್ನುತ್ತ ಕೂತಿದ್ದ ವಾಸು ಬಾಯಿ ಬಿಟ್ಟರು.

"ಹಾಗೆ ಹೇಳ್ಬೇಡಿ ಡಾಕ್ಟ್ರೇ. ರಿಕ್ಷಾದಲ್ಲಿ ನನಗೆ ಕಣ್ಣು ಕಾಣ್ತಿರ್ಲಿಲ್ಲ. ಇವ ಎಂತ ಕೂಗ್ತಿದ್ದಾನೆ ಅಂತ ಕೇಳ್ತಿರ್ಲಿಲ್ಲ. ಕಾಲಡಿ ಬಿಸಿ ಒಂದು ಗೊತ್ತಾಗ್ತಿತ್ತು. ಅದು ಉಂಟು ಅಂದ್ರೆ ನಾನೂ ಇದ್ದೇನೆ, ಇವನೂ ಇದ್ದಾನೆ ಅಂತ. ಅದನ್ನು ಹಿಡ್ಕೊಂಡೇ ನಾನು ಇಲ್ಲಿವರೆಗೆ ಬಂದದ್ದು."

ವಿಜ್ಞಾನದ ಪ್ರಕಾರ ಆ ಬಿಸಿಯಿಂದ ಒಂದು ಹನಿ ರಕ್ತವೂ ಹೆಚ್ಚಾಗಿರಲಾರದು. ಆದರೆ ಅವರ ಕಾಲಿನ ಜಾಗದಲ್ಲಿ ನನ್ನ ಕಾಲಿದ್ದರೆ, ಯಾರಾದರೂ ತಿಕ್ಕಲಿ ಎಂದೇ ನಾನೂ ಬಯಸುತ್ತಿದ್ದೆ.

"ಆತು, ತಿಕ್ಕ್ರಿ," ಎಂದೆ ಸದಾನಂದರಿಗೆ. "ಆದ್ರ ಬಾಗಲದಾಗ ಬಟ್ಟಿ ಮುಚ್ಚಿಡಬ್ಯಾಡ್ರಿ. ಬಂದ ಕೂಡ್ಲೆ ಹೇಳ್ರಿ."

ಆಮೇಲೆ ನಾನು ಪಾದ ಮುಟ್ಟುವ ಮೊದಲು ಕಾಲು ತಿಕ್ಕಿದವರು ಯಾರು ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಮೊದಮೊದಲು ಮೋಸ ಹೋಗಬಾರದೆಂದು ಕೇಳುತ್ತಿದ್ದೆ. ಬರುಬರುತ್ತ ಬೇರೊಂದು ವಿಷಯ ಗಮನಕ್ಕೆ ಬಂತು. ರೋಗಿಯ ಜೊತೆ ಬರುವ ಗುಂಪಿನಲ್ಲಿ ಮಾತಾಡುವವರು ಒಬ್ಬರು, ಫೋನು ಹಚ್ಚುವವರು ಇನ್ನೊಬ್ಬರು. ಆ ಮನುಷ್ಯ ಏನು ತಿಂದ, ಯಾವ ಮಾತ್ರೆ ನುಂಗಿದ, ಎಲ್ಲಿ ನೋವೆಂದ ಎಂಬುದೆಲ್ಲ ಗೊತ್ತಿರುವುದು ಮಾತ್ರ ಹೆಚ್ಚಾಗಿ ಕಾಲು ತಿಕ್ಕಿದವರಿಗೆ. ಅವರು ಹಿಂದೆಯೇ ನಿಂತಿರುತ್ತಾರೆ, ಬೈಸಿಕೊಳ್ಳುವ ಹೆದರಿಕೆಯಲ್ಲಿ. ಅವರನ್ನು ಮುಂದೆ ಕರೆಯಿರಿ. ಈಗ ಮಂಚದ ಪಕ್ಕದಲ್ಲೇ ಸೋನೋಗ್ರಫಿ ಯಂತ್ರ ಬಂದಿದೆ. ಹೃದಯ ಹೇಗೆ ಬಡಿಯುತ್ತಿದೆ, ಹೊಟ್ಟೆಯಲ್ಲಿ ರಕ್ತ ನಿಂತಿದೆಯೇ ಎಂದು ತೋರಿಸುತ್ತದೆ. ನನಗೆ ಅದನ್ನು ಕಂಡರೆ ಮಕ್ಕಳಿಗೆ ಆಟಿಕೆ ಕಂಡಷ್ಟು ಖುಷಿ. ಅದನ್ನು ಖಂಡಿತ ಬಳಸಿ. ಆದರೆ ಬೆಳಗಿನ ಖಾಲಿ ಚಹಾದ ಸಂಗತಿ ಅದಕ್ಕೆ ಕಾಣುವುದಿಲ್ಲ.

ಹೋದ ತಿಂಗಳು ಪಿಂಚಣಿಯ ಯಾವುದೋ ಕೆಲಸಕ್ಕೆ ಆಸ್ಪತ್ರೆಗೆ ಹೋಗಿದ್ದೆ. ಕ್ಯಾಶುವಾಲ್ಟಿಯ ಹೊರಗೆ ಹಾದುಹೋಗುವಾಗ ಸ್ಟ್ರೆಚರ್ ಒಂದು ಒಳಗೆ ಹೋಯಿತು, ಹಿಂದೆಯೇ ನಾಲ್ಕಾರು ಮಂದಿ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಪರದೆಯ ಆಚೆಯಿಂದ ಶ್ರಾವ್ಯಾಳ ದನಿ ಕೇಳಿಸಿತು. ಈಗ ಅವಳೇ ಅಲ್ಲಿನ ಮುಖ್ಯಸ್ಥೆ.

"ಇನ್‌ಕೇ ಪೈರ್ ಕಿಸ್‌ನೇ ರಗ್‌ಡೇ?" ಎಂದಳು. ಇವರ ಕಾಲು ತಿಕ್ಕಿದ್ದು ಯಾರು?

ಗದ್ದಲ ನಿಂತಿತು. ಗುಂಪಿನ ಹಿಂದೆ ಗೋಡೆಗೆ ಒರಗಿದ್ದ ಹೆಂಗಸೊಬ್ಬಳು ಸೆರಗಿನಲ್ಲಿ ಅಂಗೈ ಒರೆಸಿಕೊಳ್ಳುತ್ತ ಮುಂದೆ ಬಂದಳು. ಶ್ರಾವ್ಯಾ ಅವಳಿಗೆ ಕೂರಲು ಸ್ಟೂಲ್ ಎಳೆದುಕೊಟ್ಟಳು.